ಐದು ನಿಮಿಷದ ನಿಲುಗಡೆ

ಬೆಳಗಿನ ಶಿಫ್ಟಿನ ಕಂಪನಿ ಬಸ್ಸನ್ನು ಹೊಸಪೇಟೆಯಿಂದ ಯಶವಂತನಗರದ ಗಣಿಗೆ ಹನ್ನೆರಡು ವರ್ಷ ಓಡಿಸಿದ್ದೇನೆ. ಗಂಡಸರು, ಹೆಂಗಸರು ಸೇರಿ ನಲವತ್ತು ಜನ. ದಾರಿಯ ಒಂದೊಂದು ತಗ್ಗೂ ನನಗೆ ಗೊತ್ತು. ಐವತ್ತೇಳು ದಾಟಿದ ಮೇಲೆ ಒಂದೊಂದು ಜಾಲಿಗಿಡದ ಮರೆಯೂ ಗೊತ್ತಾಯಿತು.

ಮೂತ್ರಕ್ಕೆ ಅವಸರವಾಗುತ್ತಿತ್ತು. ಬಸ್ಸು ನಿಲ್ಲಿಸಿ ಇಳಿದರೆ ಬರುತ್ತಿರಲಿಲ್ಲ. ಕಾಲು ಸೋಲುವಷ್ಟು ಹೊತ್ತು ನಿಂತ ಮೇಲೆ ಸಣ್ಣಗೆ ಬಂದು, ನಿಂತು, ಮತ್ತೆ ಬರುತ್ತಿತ್ತು. ಮುಗಿಯಿತೆಂದು ಸೀಟಿಗೆ ಬಂದು ಕೂತರೆ ಪ್ಯಾಂಟಿನೊಳಗೆ ನಾಲ್ಕು ಹನಿ. ಅರ್ಧ ತಾಸಿಗೆ ಮತ್ತೆ ಅದೇ ರಾಗ, ಅದೇ ತಾಳ. ಹಿಂದಿನ ಸೀಟಿನ ಗಂಡಸರು, "ಡ್ರೈವರಣ್ಣ, ರೇಡಿಯೇಟರ್ ಸೋರಾಕ ಹತ್ತೈತೇನ್ರಿ?" ಎಂದು ನಗುತ್ತಿದ್ದರು. ನಾನೂ ನಕ್ಕುಬಿಡುತ್ತಿದ್ದೆ. ಬರಬರುತ್ತ ನಗುವುದಕ್ಕೂ ಬೇಸರವಾಯಿತು.

ಹೊಸಪೇಟೆಯ ಡಾಕ್ಟರು ಸ್ಕ್ಯಾನಿಂಗ್, ರಕ್ತ ಪರೀಕ್ಷೆ ಎಲ್ಲ ಮಾಡಿಸಿ ಪ್ರಾಸ್ಟೇಟ್ ಗ್ರಂಥಿ ದಪ್ಪಗಾಗಿದೆ ಎಂದರು. "ವಯಸ್ಸಾದ ಮ್ಯಾಲೆ ಭಾಳ ಮಂದಿಗೆ ಆಗತೈತ್ರಿ. ಕ್ಯಾನ್ಸರ್ ಅಲ್ಲ, ಹೆದರಬ್ಯಾಡ್ರಿ." ಎರಡು ಔಷಧಿ ಬರೆದರು. ಒಂದು ಮೂತ್ರದ ದಾರಿ ಸಡಿಲ ಮಾಡುವ ಕ್ಯಾಪ್ಸೂಲು. ಅದನ್ನು ರಾತ್ರಿ ಊಟದ ಮೇಲೆ ನುಂಗಬೇಕು. ಎದ್ದು ನಿಲ್ಲುವಾಗ ತಲೆ ತಿರುಗಬಹುದು. ಇನ್ನೊಂದು ಗ್ರಂಥಿಯನ್ನು ಕುಗ್ಗಿಸುವ ಗುಳಿಗೆ. ಅದರ ಗುಣ ಕಾಣಲು ಆರು ತಿಂಗಳಾದರೂ ಬೇಕಂತೆ. ಏನು ಕೆಲಸ ಎಂದು ಕೇಳಿದರು. "ಕಂಪನ್ಯಾಗ ಅದೀನ್ರಿ" ಎಂದಷ್ಟೇ ಹೇಳಿದೆ.

ಕಾರಣವಿತ್ತು. ಕಂಪನಿಯಲ್ಲಿ ಡ್ರೈವರುಗಳಿಗೆ ವರ್ಷಕ್ಕೊಮ್ಮೆ ಫಿಟ್‌ನೆಸ್ ಪರೀಕ್ಷೆ. ಏನಾದರೂ ಗುಳಿಗೆ ತೆಗೆದುಕೊಳ್ಳುತ್ತೀರಾ ಎಂದು ಅಲ್ಲಿ ಕೇಳುತ್ತಾರೆ. ತಲೆ ತಿರುಗುವ ಗುಳಿಗೆ ಎಂದರೆ ಮುಗಿಯಿತು, ಸ್ಟೇರಿಂಗ್ ಕಸಿದುಕೊಂಡು ಗೇಟಿನಲ್ಲಿ ಲಾರಿ ನಂಬರು ಬರೆಯಲು ಕೂರಿಸುತ್ತಾರೆ. ಹಾಗೆ ಕೂತವರ ಮುಖ ನೋಡಿದ್ದೆ. ನನಗೆ ಬಸ್ಸು ಓಡಿಸುವುದು ಬಿಟ್ಟು ಬೇರೇನೂ ಬಾರದು. ಆ ಸೀಟಿನಿಂದ ಇಳಿದ ಮೇಲೆ ನಾನು ಯಾರು ಎಂಬುದೇ ತೋಚುತ್ತಿರಲಿಲ್ಲ. "ಏನೂ ಇಲ್ರಿ" ಎಂದು ಸಹಿ ಹಾಕಿ ಬಂದೆ.

ಆಮೇಲೆ ನನ್ನದೇ ಜಾಣತನ ಶುರುವಾಯಿತು. ಕಷ್ಟ ಇರುವುದು ಡ್ಯೂಟಿಯಲ್ಲಿ, ರಾತ್ರಿ ನುಂಗಿ ಏನು ಬಂತು ಎಂದು ಕ್ಯಾಪ್ಸೂಲನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಚಹಾದ ಜೊತೆ ನುಂಗತೊಡಗಿದೆ. ಒಂದು ದಿನ ಬಸ್ಸು ನಿಲ್ಲಿಸಿ ಇಳಿದವನಿಗೆ ಕಣ್ಣು ಕತ್ತಲೆ ಬಂದು, ಬಾಗಿಲು ಹಿಡಿದು ನಿಂತೆ. ಯಾರಿಗೂ ಹೇಳಲಿಲ್ಲ.

ಇದರ ನಡುವೆ ನೆಗಡಿ. ಗಣಿಯ ಕೆಂಪು ದೂಳಿಗೆ ಮೂಗು ಕಟ್ಟುವುದನ್ನು ನಮ್ಮಲ್ಲಿ ಯಾರೂ ಕಾಯಿಲೆ ಎಂದೇ ಎಣಿಸುವುದಿಲ್ಲ. ಪ್ರತಿ ಬಸ್ಸಿನ ಔಷಧಿ ಡಬ್ಬಿಯಲ್ಲೂ ನೆಗಡಿ ಗುಳಿಗೆ ಇರುತ್ತದೆ. ಯಾರು ಸೀನಿದರೂ ಡ್ರೈವರು ಪ್ರಸಾದದ ಹಾಗೆ ಒಂದು ಹರಿದು ಕೊಡುತ್ತಾನೆ. ಆ ವಾರ ನಾನೇ ದಿನಕ್ಕೆ ಮೂರು ನುಂಗಿದೆ. ಮೂರನೆಯ ದಿನ ಮಧ್ಯಾಹ್ನ, ಗಣಿಯ ಶೆಡ್ಡಿನಲ್ಲಿ ಬಸ್ಸು ನಿಲ್ಲಿಸಿಕೊಂಡು ಕೂತಿದ್ದಾಗ, ಮೂತ್ರ ಪೂರ್ತಿ ಕಟ್ಟಿಕೊಂಡಿತು. ಒಂದು ಹನಿಯೂ ಇಲ್ಲ. ಕಿಬ್ಬೊಟ್ಟೆ ಕಲ್ಲಾಯಿತು. ಕೂರಲಾಗದು, ನಿಲ್ಲಲಾಗದು. ಕೊನೆಗೆ ಜೀಪಿನಲ್ಲಿ ಸಂಡೂರಿನ ಒಂದು ಆಸ್ಪತ್ರೆಗೆ ಒಯ್ದರು. ಪೈಪು ಹಾಕಿ ಚೀಲ ತುಂಬತೊಡಗಿದಾಗ, ಎಲ್ಲರೆದುರು ಹಾಯೆನಿಸಿ ಅತ್ತೆ.

ಅಲ್ಲಿಯ ಡಾಕ್ಟರಮ್ಮ ನೆಗಡಿ ಗುಳಿಗೆಯ ಸುದ್ದಿ ಕೇಳಿ ಹಣೆ ಹಿಡಿದುಕೊಂಡರು. "ಮೊದಲೇ ಮೂತ್ರದ ದಾರಿ ಬಿಗಿ ಆಗೈತಿ ನಿಮಗ. ಈ ಗುಳಿಗಿ ಅದನ್ನ ಇನ್ನೂ ಬಿಗಿ ಮಾಡತೈತ್ರಿ. ಕೇಳದ ನುಂಗಬ್ಯಾಡ್ರಿ."

ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಪೈಪು ತೆಗೆಸಿಕೊಂಡು, ಮೂರು ವಾರ ರಜೆ ಕಳೆದು, ಕಂಪನಿ ಡಾಕ್ಟರ ಮುಂದೆ ಎಲ್ಲ ಒಪ್ಪಿಕೊಂಡೆ. ಬೆಳಿಗ್ಗೆ ನುಂಗಿದ್ದು, ಕಣ್ಣು ಕತ್ತಲೆ ಬಂದಿದ್ದು, ಎಲ್ಲ. "ನಲವತ್ತು ಮಂದಿನ್ನ ಕುಂದರಿಸಿಕೊಂಡು ಹಿಂಗ ಮಾಡಿದ್ರ್ಯಾ?" ಎಂದರು. ಮಲಗಿಸಿ, ನಿಲ್ಲಿಸಿ ಬಿಪಿ ನೋಡಿದರು. ಕ್ಯಾಪ್ಸೂಲನ್ನು ರಾತ್ರಿ ಊಟದ ಮೇಲೆಯೇ ನುಂಗಲು ಹೇಳಿ, ಇನ್ನೂ ಎರಡು ವಾರ ಕಾಯಿಸಿ ಮತ್ತೆ ನೋಡಿದರು. ಆಮೇಲೆ ಕಾಗದದಲ್ಲಿ ಬರೆದರು: ಬಸ್ಸು ಓಡಿಸಬಹುದು, ದಾರಿಯಲ್ಲಿ ಐದು ನಿಮಿಷದ ನಿಲುಗಡೆ ಕೊಡತಕ್ಕದ್ದು. ಇಷ್ಟು ಸಣ್ಣದಕ್ಕೆ ವರ್ಷಗಟ್ಟಲೆ ಹೆದರಿ ಸತ್ತೆನಲ್ಲ ಎಂದು ಮೈಯೆಲ್ಲ ದಣಿದಂತಾಯಿತು.

ಮತ್ತೆ ಸ್ಟೇರಿಂಗ್ ಹಿಡಿದ ಮೊದಲ ದಿನ, ಸಂಡೂರಿನ ಹತ್ತಿರ ಒಂದು ಹೋಟೆಲಿನ ಮುಂದೆ ಬಸ್ಸು ನಿಲ್ಲಿಸಿದೆ. ಹೋಟೆಲಿನ ಹಿಂದುಗಡೆ, ಬಾಗಿಲು ಹಾಕಿಕೊಳ್ಳಬಹುದಾದ ಒಂದು ಪಾಯಿಖಾನೆ ಇತ್ತು. ಡಾಕ್ಟರ ಆರ್ಡರು, ಇನ್ನು ಮೇಲೆ ದಿನಾ ಐದು ನಿಮಿಷ ಬಸ್ಸು ಇಲ್ಲಿ ನಿಲ್ಲುತ್ತದೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ನಾನು ನಿಧಾನವಾಗಿ ಎದ್ದು ಇಳಿಯುವಷ್ಟರಲ್ಲಿ ಕ್ಯಾಂಟೀನಿನ, ಕಸ ಗುಡಿಸುವ ಹೆಂಗಸರು ಒಬ್ಬರ ಹಿಂದೊಬ್ಬರು ಇಳಿದು ಹೋಗಿ ಆ ಬಾಗಿಲ ಮುಂದೆ ಸಾಲು ನಿಂತಿದ್ದರು. ನಾನು ಕೊನೆಯಲ್ಲಿ ನಿಂತೆ. ನನ್ನ ಮುಂದೆ ಇದ್ದವರು ಕ್ಯಾಂಟೀನಿನ ಹಿರಿಯ ಹೆಂಗಸು, ಹನ್ನೆರಡು ವರ್ಷ ನನ್ನ ಬೆನ್ನ ಹಿಂದಿನ ಸೀಟಿನಲ್ಲಿ ಕೂತು ಬಂದವರು.

"ನೀವು ಗಿಡದ ಮರೆಗೆ ಇಳಿದಾಗೆಲ್ಲ ನಾವು ಬ್ಯಾರೆ ಕಡೆ ಮುಖ ಮಾಡಿ ಕುಂದರತಿದ್ವಿ," ಎಂದರು. "ಅಲ್ಲಿ ನಾವು ಹೆಂಗ ಇಳಿಯೋದು? ನೀರು ಕುಡದು ಬಸ್ ಹತ್ತಿದ ದಿನಾನ ಇಲ್ರಿ ನಮಗ."

"ಎಲ್ಲೆರ ನಿಲ್ಲಸ್ರಿ ಅಂತ ಒಂದಿನಾನೂ ಹೇಳಲಿಲ್ಲಲ್ಲ ಅಕ್ಕಾ."

"ಹೇಳಿದ್ರ ನಿಲ್ಲಿಸ್ತಿದ್ರ್ಯಾ?"

ನಿಲ್ಲಿಸುತ್ತಿರಲಿಲ್ಲ. ಟೈಮಿಲ್ಲ ಎನ್ನುತ್ತಿದ್ದೆ. ನನ್ನ ಮುಂದೆ ಇನ್ನೂ ಏಳು ಜನ ಇದ್ದರು.