ಗುವಾಹಟಿಯಿಂದ ಬೆಂಗಳೂರಿಗೆ ಎರಡೂ ಮುಕ್ಕಾಲು ಗಂಟೆ

ವಿಮಾನದ ಹುಚ್ಚು ನನಗೆ ಯಾರೂ ಹಿಡಿಸಿದ್ದಲ್ಲ. ಮೊಬೈಲಿನಲ್ಲಿ ನೋಡಿ ನೋಡಿ ನಾನೇ ಕಲಿತದ್ದು. ಆತಗೂರಿನ ಗದ್ದೆ ಬದುವಿನ ಮೇಲೆ ನಿಂತು, ತಲೆ ಮೇಲೆ ಹೋಗುವ ವಿಮಾನ ಎಲ್ಲಿಂದ ಎಲ್ಲಿಗೆ ಅಂತ ಹೇಳಬಲ್ಲೆ. ಒಮ್ಮೆಯೂ ಹತ್ತಿಲ್ಲ, ಅದು ಬೇರೆ ಮಾತು. ಊರಲ್ಲಿ ನನ್ನನ್ನು ಕರೆಯುವುದೇ ಪೈಲೆಟ್ಟು ಅಂತ.

ಹೋದ ಬೇಸಿಗೆಯಲ್ಲಿ ಒಂದು ಬೆಳಗ್ಗೆ ದೊಡ್ಡಪ್ಪ ತೀರಿಕೊಂಡರು. ಅವರ ಒಬ್ಬಳೇ ಮಗಳು, ನನಗೆ ಅಕ್ಕ, ಗುವಾಹಟಿಯಲ್ಲಿ ನರ್ಸ್. "ಅತ್ತೂವರೆಗೆ ಫ್ಲೈಟು ಸಿಕ್ತು ಕಣ್ಲಾ. ನಾನ್ ಮಖ ನೋಡೋಗಂಟ ಮಣ್ ಮಾಡ್ಬ್ಯಾಡಿ" ಅಂತ ಫೋನಿನಲ್ಲಿ ಅತ್ತಳು.

ನಮ್ಮಲ್ಲಿ ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡಬೇಕು. ಅಪ್ಪ ಕೇಳಿದರು, "ಲೇ ಪೈಲೆಟ್ಟು, ಎಷ್ಟೊತ್ಗೆ ಬತ್ತಾಳ್ಲಾ?"

ಜಗಲಿ ತುಂಬ ಇದ್ದವರೆಲ್ಲ ನನ್ನ ಕಡೆ ತಿರುಗಿದರು. ಮೊಬೈಲಿನಲ್ಲಿ ಎರಡೂ ಊರಿನ ಹೆಸರು ಒತ್ತಿದೆ. ನಕ್ಷೆಯ ಮೇಲೆ ನೇರ ಗೆರೆ ಬಂತು. ಎರಡು ಸಾವಿರ ಕಿಲೋಮೀಟರಿಗೂ ಮೇಲೆ, ಎರಡೂ ಮುಕ್ಕಾಲು ಗಂಟೆ.

"ಒಂದೂಕಾಲ್ಗೆ ಇಳೀತಾಳೆ. ಅಲ್ಲಿಂದ ಕಾರಲ್ಲಿ ಮೂರ್ ಗಂಟೆ. ನಾಕೂವರೆಗೆ ಮನೆ ತಾವ ಇರ್ತಾಳೆ ಕಣಪ್ಪ."

"ಮದ್ದೂರಿಂದ ಐಸ್ ಪೆಟ್ಗೆ ತರ್ಸುಮಾ?"

"ಅಷ್ಟೊತ್ಗೆ ಯಾಕಪ್ಪ? ಬಂದೇ ಬುಡ್ತಾಳೆ."

"ಬಸ್ಸಿನ್ ಟೇಮಾದ್ರೂ ತಪ್ಪೀತು, ಇವನ್ದು ತಪ್ಪಾಕಿಲ್ಲ ಬುಡ್ರಪ್ಪ" ಅಂದರು ಒಬ್ಬ ಮುದುಕರು. ಸಾವಿನ ಮನೆಯಲ್ಲೂ ನನಗೆ ಒಳಗೊಳಗೇ ಹೆಮ್ಮೆಯಾಯಿತು. ಬರೆಯಲು ನಾಚಿಕೆ, ಆದರೆ ಆಯಿತು.

ಒಂದೂವರೆಗೆ ಅವಳ ಫೋನ್ ಆಫ್. ಎರಡಕ್ಕೂ ಆಫ್. ಆ ಹೊತ್ತಿಗೆ ಗುವಾಹಟಿಯಿಂದ ಬೆಂಗಳೂರಿಗೆ ಬಂದ ವಿಮಾನವೇ ಇಲ್ಲ ಅಂತ ಆಗ ನೋಡಿದೆ. ನೇರ ಬರುತ್ತೀಯಾ ಅಂತ ನಾನು ಅಕ್ಕನನ್ನು ಕೇಳಿಯೇ ಇರಲಿಲ್ಲ. ಯಾರಿಗೂ ಹೇಳಲಿಲ್ಲ.

ಶಾಮಿಯಾನದ ಕೆಳಗೂ ಬೆಂಕಿಯಂಥ ಸೆಕೆ. ದೊಡ್ಡಪ್ಪನ ಮೂಗಿನ ಹತ್ತಿ ಕೆಂಪಾಗುತ್ತಿತ್ತು. ದೊಡ್ಡಮ್ಮ ಸೆರಗಿನಿಂದ ನೊಣ ಓಡಿಸುತ್ತಲೇ ಇದ್ದರು.

ನಾಲ್ಕೂವರೆಗೆ ಫೋನ್ ಬಂತು. "ಈಗ ಬೆಂಗ್ಳೂರಲ್ ಇಳುದೆ ಕಣ್ಲಾ. ಕಲ್ಕತ್ತಾದಲ್ಲಿ ಇಳ್ಸಿ ಬ್ಯಾರೆ ಫ್ಲೈಟ್ ಅತ್ತಿಸಿದ್ರು. ಕಾಯ್ತೀರ ತಾನೆ?"

"ಕಾಯ್ತೀವಿ" ಅಂದುಬಿಟ್ಟೆ.

ಅಪ್ಪನಿಗೆ ಹೇಳಿದೆ. ಈಗಲಾದರೂ ಪೆಟ್ಟಿಗೆ ತರೋಣ ಅಂದೆ. ಅಪ್ಪ ಟವೆಲನ್ನು ಮೂಗಿಗೆ ಒತ್ತಿಕೊಂಡೇ ಇದ್ದರು. "ಈಗ ತಂದು ಏನ್ ಮಾಡಿಯೇ? ಹೆಣ ಊದ್ಕತಾ ಅದೆ, ಕಾಣಕಿಲ್ವಾ? ಅವಳು ಬರೋದು ಎಂಟಾಯ್ತದೆ. ಎತ್ರಲಾ" ಅಂದರು. ದೊಡ್ಡಮ್ಮ ಚಟ್ಟ ಹಿಡಿದು ಬಿಡಲಿಲ್ಲ. ಬೆರಳು ಒಂದೊಂದಾಗಿ ಬಿಡಿಸಬೇಕಾಯಿತು. ಆರಕ್ಕೆ ಗದ್ದೆಯಲ್ಲಿ ಮಣ್ಣು ಮಾಡಿದೆವು. ನಾನೂ ಮೂರು ಹಿಡಿ ಹಾಕಿದೆ.

ಮನೆಗೆ ಬರುವಷ್ಟರಲ್ಲಿ ಮತ್ತೆ ಅಕ್ಕ. "ರಾಮನಗರ ದಾಟ್ದೆ. ಇನ್ನೆಷ್ಟೊತ್ಲಾ? ಡ್ರೈವರ್ರು ಒಂದ್ ಗಂಟೆ ಅಂತಾರೆ. ನಿಂಗೆ ಚೆನ್ನಾಗ್ ಗೊತ್ತಲ್ಲ, ನೀನೇಳು."

"ನಿಧಾನಕ್ಕೆ ಬಾ ಅಕ್ಕ" ಅಂದೆ.

"ಮಣ್ ಮಾಡ್ಬುಟ್ರಾ?" ಅಂದಳು.

"ಅಣ್ಣ, ಪಕ್ಕಕ್ ನಿಲ್ಸಿ" ಅಂತ ಡ್ರೈವರಿಗೆ ಹೇಳಿದ್ದು ಕೇಳಿಸಿತು. ಕಾರಿನ ಬಾಗಿಲು ತೆಗೆದ ಸದ್ದೂ ಕೇಳಿಸಿತು.