ನಮ್ಮತ್ತೆ ದೆವ್ವವಾದ ಸಂಜೆ

ಕಳೆದ ವಾರ ನಮ್ಮ ಅತ್ತೆ ದೆವ್ವವಾದರು.

ಗಾಬರಿಯಾಗಬೇಡಿ, ಆರಾಮಾಗಿದ್ದಾರೆ. ನಾನಿದನ್ನು ಬರೆಯುವ ಹೊತ್ತಿಗೆ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಾರೆ. (ಆ ಸಪ್ಪಳದಲ್ಲಿ ಒಂದು ವಾಕ್ಯವೂ ನೆಟ್ಟಗೆ ಹೊಳೆಯುತ್ತಿಲ್ಲ. ತಪ್ಪಿದ್ದರೆ ಅವರ ಲೆಕ್ಕಕ್ಕೆ ಹಾಕಿ.)

ಶುರುವಾಗಿದ್ದು ನನ್ನ ಮಗಳಿಂದ. ಒಂಬತ್ತು ವರ್ಷದ ಶ್ರೇಯಾ ಮತ್ತು ಅವಳ ಗೆಳತಿ, ಎದುರುಮನೆಯ ಅಫ್ರೀನ್ ಮೊಬೈಲಿನಲ್ಲಿ ಹ್ಯಾಲೋವೀನ್ ನೋಡಿಬಿಟ್ಟರು. ಅಕ್ಟೋಬರ್ ಕೊನೆಯ ದಿನ ಎಲ್ಲೋ ಪರದೇಶದ ಮಕ್ಕಳು ದೆವ್ವದ ವೇಷ ಹಾಕಿ ಮನೆಮನೆಗೆ ಹೋಗುತ್ತಾರಂತೆ. ‘ಟ್ರಿಕ್ ಆರ್ ಟ್ರೀಟ್’ ಅನ್ನುತ್ತಾರಂತೆ. ಅಂದರೆ ಚಾಕೊಲೇಟ್ ಕೊಡಿ, ಇಲ್ಲವಾದರೆ ಕಾಡುತ್ತೇವೆ ಅಂತ. ಮಕ್ಕಳಿಗೆ ಇದಕ್ಕಿಂತ ಚಲೋ ಹಬ್ಬ ಬೇಕೇ? ಎಣ್ಣೆ ಸ್ನಾನವಿಲ್ಲ, ನೈವೇದ್ಯ ಆಗುವವರೆಗೆ ಕಾಯುವುದಿಲ್ಲ. ಧಮಕಿ ಹಾಕಿದರೆ ಸಿಹಿ.

ಬೆಂಗಳೂರಿನ ಮಾಲುಗಳಿಗೆ ಈ ಹಬ್ಬ ಯಾವಾಗಲೋ ಬಂದಿದೆ. ಹುಬ್ಬಳ್ಳಿಗೂ ಬಂತು ಅಂತ ಕೇಳಿದ್ದೆ. ಆದರೆ ನರಗುಂದ, ರೋಣ ದಾಟಿ ಗಜೇಂದ್ರಗಡದ ನಮ್ಮ ಓಣಿಯವರೆಗೆ ಬರುತ್ತದೆ ಅಂತ ಯಾರಿಗೆ ಗೊತ್ತಿತ್ತು? ನಮ್ಮ ಹಬ್ಬಗಳೇ ಸಾಲದೇ ಅಂತ ಮೊದಲು ನನಗೂ ಸಿಟ್ಟು ಬಂತು. ಆಮೇಲೆ ನೆನಪಾಯಿತು. ಮೊಹರಂನಲ್ಲಿ ಹರಕೆ ಹೊತ್ತು ಹುಲಿವೇಷ ಹಾಕಿ ಅಂಗಡಿ ಅಂಗಡಿ ಸುತ್ತುವವರು ನಾವೇ ಅಲ್ಲವೇ? ವೇಷ ಹಾಕಿ ಬಾಗಿಲಲ್ಲಿ ನಿಲ್ಲುವುದನ್ನು ಅಮೆರಿಕದವರು ನಮಗೆ ಕಲಿಸಬೇಕೇ?

ಅತ್ತೆ ಗಂಗವ್ವನವರ ತಕರಾರೇ ಬೇರೆ. ದೀಪ ಹಚ್ಚುವ ಹೊತ್ತಿಗೆ ಈ ಮನೆಯ ಕೂಸು ದೆವ್ವ ಆಗಕೂಡದು. ಖರೇ ದೆವ್ವ ನೋಡಿ, ಇದು ನಮ್ಮ ಪೈಕಿ ಅಂತ ಕರೆದುಕೊಂಡು ಹೋದರೆ? ಶ್ರೇಯಾ ಅತ್ತಳು. ಊಟ ಬಿಟ್ಟಳು. (ಹೋಳಿಗೆಯ ವಾಸನೆ ಬರುವವರೆಗೆ.) ಕೊನೆಗೆ ಅತ್ತೆ, ಹೋಗುವುದಾದರೆ ನಾನೂ ಸಂಗಡ ಬರುತ್ತೇನೆ ಅಂದರು. ವೇಷವಿಲ್ಲದವರಿಗೆ ಪ್ರವೇಶವಿಲ್ಲ ಅಂತ ಮಗಳು ರೂಲ್ಸ್ ಹೇಳಿದಳು.

“ಹಂಗಾರ ನನಗೂ ಒಂದು ಚಾದರ ಕೊಡವಾ” ಅಂದರು ಅತ್ತೆ, ನನ್ನ ಕಡೆ ತಿರುಗಿ.

ನಾನು ನಕ್ಕೆ. ಅವರು ನಗಲಿಲ್ಲ. ಹಳೆಯ ಬಿಳಿ ಚಾದರಗಳನ್ನು ಕತ್ತರಿಸುತ್ತ ಕೂತಿದ್ದಾಗ, ಯಾರ‍್ಯಾರ ಮನೆಗೆ ಹೋಗುವುದು ಅಂತ ಮೊಮ್ಮಗಳನ್ನು ಮೆಲ್ಲಗೆ ಕೇಳಿದರು. ಎಲ್ಲಕ್ಕಿಂತ ಕೊನೆಗೆ ಅಫ್ರೀನಳ ಮನೆ ಅಂದಳು. ಅತ್ತೆ ನನಗೆ, ಕಣ್ಣಿನ ತೂತು ದೊಡ್ಡದು ಮಾಡು ಅಂತ ಮಾತ್ರ ಹೇಳಿದರು.

ಇಲ್ಲೊಂದು ಸಂಗತಿ ಹೇಳಬೇಕು. ಅಫ್ರೀನಳ ಅಜ್ಜಿ ಹುಸೇನಬಿ ಮತ್ತು ನಮ್ಮ ಅತ್ತೆ ಹರೆಯದಿಂದಲೂ ಒಂದೇ ಕಟ್ಟೆಯ ಮೇಲೆ ಕೂತು ಸಂಜೆ ಕಳೆದವರು. ಎರಡು ವರ್ಷದ ಹಿಂದೆ, ಬೇಸಿಗೆಯಲ್ಲಿ, ಅತ್ತೆ ಹೊರಸಿನ ಮೇಲೆ ಒಣಹಾಕಿದ್ದ ಶಾವಿಗೆಯನ್ನು ಹುಸೇನಬಿಯ ಆಡು ತಿಂದಿತು. ಅತ್ತೆ ಬೈದರು. ರುಚಿ ಇದ್ದದ್ದಕ್ಕೇ ತಿಂದಿತು, ಖುಷಿ ಪಡು ಅಂದರು ಹುಸೇನಬಿ. ಅಷ್ಟೇ. ಮಾತು ನಿಂತಿತು. ರಂಜಾನಿನ ಸುರಕುಂಬಾ ಪಾಯಸ ಈ ಕಡೆ, ಕರಿಗಡಬು ಆ ಕಡೆ, ಹಬ್ಬಹಬ್ಬಕ್ಕೂ ಮಕ್ಕಳ ಕೈಯಲ್ಲಿ ಹೋಗಿಬರುತ್ತಿದ್ದವು. ಅಜ್ಜಿಯರು ಮಾತ್ರ ಒಬ್ಬರು ಹೊರಗೆ ಬಂದರೆ ಇನ್ನೊಬ್ಬರು ಒಳಗೆ.

ಸಂಜೆ ಮೂರು ದೆವ್ವಗಳು ಹೊರಟವು. ಎರಡು ಸಣ್ಣವು, ಒಂದು ದೊಡ್ಡದು. ಹಿಂದೆ ಮೊಬೈಲ್ ಹಿಡಿದುಕೊಂಡು ನಾನು. ಮೊದಲ ಮನೆಯ ರಿಟೈರ್ಡ್ ಮಾಸ್ತರರು, ಮಗ್ಗಿ ಹೇಳಿದರೆ ಮಾತ್ರ ಚಾಕೊಲೇಟ್ ಅಂದರು. (ಹದಿನೇಳರ ಮಗ್ಗಿ ಯಾವ ದೆವ್ವಕ್ಕೂ ಬರಲಿಲ್ಲ.) ಎರಡನೆಯ ಮನೆಯವರು ಮೊರದ ತುಂಬ ಜೋಳ ತಂದು ಚೀಲಕ್ಕೆ ಸುರಿದು, ಕೈಮುಗಿದು ಕಳಿಸಿದರು. ದೊಡ್ಡ ದೆವ್ವ ನಗು ತಡೆಯಲಾಗದೆ ಲೈಟಿನ ಕಂಬ ಹಿಡಿದು ನಿಂತಿತು. ನಾನು ಸೊಸೆಯಾಗಿ ಬಂದ ಮೇಲೆ ಅವರು ಹಾಗೆ ನಕ್ಕಿದ್ದು ನೋಡಿರಲಿಲ್ಲ.

ಕೊನೆಗೆ ಹುಸೇನಬಿಯ ಬಾಗಿಲು. ಮಕ್ಕಳು ಕೂಗಿದರು. ದೊಡ್ಡದು ಹಿಂದೆ ನಿಂತಿತು. ಹುಸೇನಬಿ ಸಣ್ಣ ದೆವ್ವಗಳ ಕೈಗೆ ಚಾಕೊಲೇಟ್ ಹಾಕಿ, ಮೂರನೆಯದನ್ನು ಮೇಲಿಂದ ಕೆಳಗೆ ನೋಡಿದರು. ಕಣ್ಣು ಕಾಲಿನ ಮೇಲೆ ನಿಂತಿತು. ದೆವ್ವದ ಪಾದಗಳು ಹಿಂದುಮುಂದಾಗಿರುತ್ತವಂತೆ. ಇವು ನೆಟ್ಟಗಿದ್ದವು, ಮೇಲೆ ಕಾಲುಂಗುರ ಬೇರೆ. ಅಷ್ಟು ವರ್ಷ ಪಕ್ಕದಲ್ಲಿ ಚಾಚಿಕೊಂಡು ಕೂತಿದ್ದ ಕಾಲು ಗುರುತು ಸಿಗದೇ ಇರುತ್ತದೆಯೇ?

“ನಮ್ಮ ಮನಿಗೆ ಬರಾಕ ದೆವ್ವನ ಆಗಬೇಕಾತೇನ ಗಂಗವ್ವ?”

ನಾನು ಮೊಬೈಲ್ ಕೆಳಗಿಳಿಸಿದೆ. ಚಾದರ ಮಿಸುಕಲಿಲ್ಲ. ತಿರುಗಿ ಹೊರಟೇಬಿಡುತ್ತಾರೆ ಅಂದುಕೊಂಡೆ. ಅಷ್ಟರಲ್ಲಿ ಚಾದರದೊಳಗಿಂದ ಸಣ್ಣ ದನಿ ಬಂತು.

“ಆಡು ಆರಾಮ ಐತೇನ?”

ಹುಸೇನಬಿ ಬಾಗಿಲು ಹಿಡಿದುಕೊಂಡು ನಗತೊಡಗಿದರು. ಚಾದರವೂ ಅಲುಗತೊಡಗಿತು. ಒಳಗಿದ್ದದ್ದು ನಗುವೋ ಅಳುವೋ ನನಗೆ ಗೊತ್ತಾಗಲಿಲ್ಲ. ಹುಸೇನಬಿಗೆ ಗೊತ್ತಾಗಿರಬೇಕು, ಕೈಹಿಡಿದು ಒಳಗೆ ಎಳೆದುಕೊಂಡರು. ಚಾ ಬಂದ ಮೇಲೆ ಚಾದರ ತೆಗೆಯಲೇಬೇಕಾಯಿತು. ಆಮೇಲೆ ಇಬ್ಬರ ಮಾತು ಎಷ್ಟು ಜೋರಾಯಿತೆಂದರೆ, ನಾನು ಮಕ್ಕಳನ್ನು ಕರೆದುಕೊಂಡು ಮನೆಗೆ ಬಂದಿದ್ದು ಇಬ್ಬರಿಗೂ ತಿಳಿಯಲಿಲ್ಲ.

ಪರದೇಶದ ಹಬ್ಬ ನಮಗೆ ಬೇಕೇ ಬೇಡವೇ ಅಂತ ತಿಳಿದವರು ಟಿವಿಯಲ್ಲಿ ಕೂತು ಜಗಳಾಡಲಿ. ನಾನು ಕೇಳುವುದಿಷ್ಟೇ.

ನಿಮ್ಮ ಓಣಿಯಲ್ಲಿ, ಮುಖ ಮುಚ್ಚಿಕೊಂಡಾದರೂ ನೀವು ಹೋಗಲೇಬೇಕಾದ ಮನೆ ಯಾವುದು?