ಮಳೆ ನಿಂತ ಮೇಲೆ ಒದ್ದೆಯಾದವರು

ದೇವರಾಯಸಮುದ್ರದ ಹತ್ತಿರ ಮಾರ್ಚಿನ ಅಕಾಲ ಮಳೆ ನಿಂತಿತೆಂದು ಕಾರಿನಿಂದ ಇಳಿದೆ. ರಸ್ತೆಬದಿಯ ವೈನ್ ದ್ರಾಕ್ಷಿ ತೋಟದಲ್ಲಿ ಮಾತ್ರ ಅದು ಇನ್ನೂ ಸುರಿಯುತ್ತಿತ್ತು. ಮನೆಮಂದಿಯೆಲ್ಲ ಸಾಲಿಗೊಬ್ಬರಂತೆ ನಿಂತು, ಬಳ್ಳಿ ಹಬ್ಬಿಸಿದ ತಂತಿಗಳನ್ನು ಜಗ್ಗಿ ಅಲ್ಲಾಡಿಸುತ್ತಿದ್ದರು. ಎಲೆಯ ಮೇಲಿದ್ದ ನೀರೆಲ್ಲ ಅವರ ತಲೆಯ ಮೇಲೆ!

"ಗೊಂಚಲೊಳಗೆ ನೀರು ನಿಂತ್ರೆ ಬೂಷ್ಟು ಹಿಡೀತೈತೆ ಸಾರ್," ಎಂದರು ತೋಟದೊಡತಿ ರತ್ನಮ್ಮ. "ಕೊಯ್ಲಿಗೆ ಇನ್ನೊಂದೇ ವಾರ. ಹಗಲು ಬಿಸಿಲು, ರಾತ್ರಿ ತಂಪು, ಇಷ್ಟು ದಿನ ಹವಾ ಚೆನ್ನಾಗೇ ಇತ್ತು."

ಅವರು ಕಿತ್ತುಕೊಟ್ಟ ಹಣ್ಣು ಬಟಾಣಿ ಕಾಳಿನಷ್ಟಿತ್ತು, ಸಿಪ್ಪೆ ದಪ್ಪ. ಕಚ್ಚಿದರೆ ಮೊದಲು ಆ ಬಿಸಿಲಿನ ಸಿಹಿ, ಹಿಂದೆಯೇ ಆ ತಂಪಿನ ಹುಳಿ. ಅಂಗಡಿಯ ದ್ರಾಕ್ಷಿಯೆಲ್ಲ ಸಪ್ಪೆ ಅನಿಸಿಬಿಟ್ಟಿತು.

ಕೊನೆಯ ಸಾಲು ಮುಗಿಯುವಷ್ಟರಲ್ಲಿ ಮುಳಬಾಗಿಲಿನ ಬೆಟ್ಟದ ಮೇಲೆ ಮತ್ತೆ ಮೋಡ ಕವಿದು ಹನಿ ಬಿತ್ತು. ನಾನು ಕೊಡೆ ಬಿಚ್ಚಿದೆ.

"ಈಗೇನ್ ಮಾಡ್ತೀರಮ್ಮಾ?"

"ನಿಲ್ಲಲಿ ಸಾರ್. ಮತ್ತೆ ಮೊದಲ್ನೇ ಸಾಲಿಂದ ಶುರು ಮಾಡೋದು," ಎಂದು ರತ್ನಮ್ಮ ಸೆರಗು ಹಿಂಡಿಕೊಂಡರು.

ಸ್ವಲ್ಪ ಹೊತ್ತಿಗೆ ಮಳೆ ನಿಂತಿತು. ಕೊಡೆ ಮಡಿಚಿಟ್ಟು ನಾನೂ ಒಂದು ತಂತಿ ಹಿಡಿದೆ.